ಕೂತ ಜಾಗವೇ ಕೆಲಸ: ಕನ್ನಡ ಕಿವಿಗೆ ಇಂಗ್ಲಿಷ್ ವ್ಯಾಕರಣ

ಬಸವನಗುಡಿಯ ಒಂದು ವಾಚನಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತನ್ನು ಬರಹಕ್ಕೆ ಇಳಿಸಿದ್ದೇನೆ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಇಂಗ್ಲಿಷ್ ಕಲಿತದ್ದು ರಜಾ ಚೀಟಿಯಿಂದ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ವಯಸ್ಸಿನವರಿಗೆಲ್ಲ ಆ ಚೀಟಿ ಬಾಯಿಪಾಠ. ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್, ಕೈಂಡ್ಲಿ ಗ್ರಾಂಟ್ ಮಿ ಲೀವ್ ಫಾರ್ ಟು ಡೇಸ್.’ ಅರ್ಥ ಗೊತ್ತಿರಲಿಲ್ಲ, ಉಪಯೋಗ ಗೊತ್ತಿತ್ತು. ಒಂದು ಸಲ ಊರಿನಲ್ಲಿ ಜಾತ್ರೆ. ಜ್ವರ ಅಂತ ಸುಳ್ಳು ಬರೆಯೋಕೆ ಮನಸ್ಸು ಬರಲಿಲ್ಲ. ‘ಫೀವರ್’ ಅನ್ನೋದನ್ನ ಹೊಡೆದುಹಾಕಿ ಅಲ್ಲಿ ‘ಜಾತ್ರೆ’ ಅಂತ ಬರೆದೆ. ‘ಐ ಆಮ್ ಸಫರಿಂಗ್ ಫ್ರಮ್ ಜಾತ್ರೆ.’ ಮೇಷ್ಟ್ರು ಅದನ್ನ ಇಡೀ ಕ್ಲಾಸಿಗೆ ಓದಿ ಹೇಳಿದರು. ಆಮೇಲೆ ಎಷ್ಟೋ ದಿನ ನನ್ನನ್ನ ಎಲ್ಲರೂ ‘ಜಾತ್ರೆ’ ಅಂತಲೇ ಕರೀತಿದ್ದರು.

ಈಗ ಯೋಚನೆ ಮಾಡಿದರೆ ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ‘ಫ್ರಮ್’ ಆದ ಮೇಲೆ ನಾಮಪದ ಕೂರುವ ಕುರ್ಚಿ ಇದೆ. ಜ್ವರ ನಾಮಪದ, ಜಾತ್ರೆಯೂ ನಾಮಪದ. ಒಬ್ಬರನ್ನ ಎಬ್ಬಿಸಿ ಇನ್ನೊಬ್ಬರನ್ನ ಕೂರಿಸಿದ್ದೆ, ಅಷ್ಟೇ. ತಪ್ಪಿದ್ದದ್ದು ‘ಸಫರಿಂಗ್’ ಅನ್ನುವ ಪದದ ಅರ್ಥದಲ್ಲಿ. ಇವತ್ತು ಹೇಳಬೇಕು ಅಂದುಕೊಂಡಿರೋದು ಈ ಕುರ್ಚಿಗಳ ವಿಷಯವನ್ನೇ.

ಪಾರ್ಟ್ಸ್ ಆಫ್ ಸ್ಪೀಚ್ ಎಷ್ಟು ಅಂತ ಕೇಳಿದರೆ ಇಲ್ಲಿರುವ ಎಲ್ಲರೂ ಎಂಟು ಅಂತೀರಿ. ನೌನ್, ಪ್ರೋನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರೆಪೊಸಿಷನ್, ಕಂಜಂಕ್ಷನ್, ಇಂಟರ್ಜೆಕ್ಷನ್. ಮಗ್ಗಿ ಹೇಳಿದ ಹಾಗೆ ಬರುತ್ತೆ. ಎಂಟೇ ಯಾಕೆ? ಇದರ ಹಿಂದೆ ಒಂದು ತಮಾಷೆಯ ಕಥೆ ಇದೆ.

ಕ್ರಿಸ್ತಪೂರ್ವ 2ನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಎಂಬ ಗ್ರೀಕ್ ವ್ಯಾಕರಣಕಾರನ ಹೆಸರಿನಲ್ಲಿ ಬಂದ ಪುಸ್ತಕದಲ್ಲಿ ಪದಗಳನ್ನ ಎಂಟು ವರ್ಗ ಮಾಡಿದ್ದಾರೆ. ಆ ಪಟ್ಟಿಯಲ್ಲಿ ಆರ್ಟಿಕಲ್ ಇತ್ತು, ಯಾಕಂದರೆ ಗ್ರೀಕ್ ಭಾಷೆಯಲ್ಲಿ ‘ದ’ಗೆ ಸಮನಾದ ಪದ ಇತ್ತು. ಆಮೇಲೆ ರೋಮಿನವರು ಅದೇ ಪಟ್ಟಿಯನ್ನ ತಮ್ಮ ಲ್ಯಾಟಿನ್‌ಗೆ ಹೊಂದಿಸಿಕೊಂಡರು. ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇಲ್ಲ. ಒಂದು ಕಳೆದರೆ ಏಳೇ ಆಗುತ್ತಲ್ಲ! ‘ಅಯ್ಯೋ’, ‘ಆಹಾ’ ಥರದ ಉದ್ಗಾರಗಳಿಗೆ ಒಂದು ಬೇರೆ ಮನೆ ಕಟ್ಟಿ ಎಂಟನ್ನ ಎಂಟಾಗಿಯೇ ಉಳಿಸಿಕೊಂಡರು. ಸಾವಿರಕ್ಕೂ ಹೆಚ್ಚು ವರ್ಷ ಕಳೆದು 1586ರಲ್ಲಿ ವಿಲಿಯಂ ಬುಲೋಕರ್ ಇಂಗ್ಲಿಷಿನ ಮೊದಲ ವ್ಯಾಕರಣ ಅಚ್ಚು ಹಾಕಿಸಿದಾಗ ಅವನ ಮುಂದಿದ್ದದ್ದು ಲ್ಯಾಟಿನ್ ಮಾದರಿಯೇ. ಇಂಗ್ಲಿಷಿನಲ್ಲಿ ‘ಎ’, ‘ದ’ ಹೆಜ್ಜೆ ಹೆಜ್ಜೆಗೂ ಸಿಗುತ್ತವೆ. ನಾವು ಬಾಯಿಪಾಠ ಮಾಡಿದ ಎಂಟರಲ್ಲಿ ಮಾತ್ರ ಅವಕ್ಕೆ ಸ್ವಂತ ಮನೆ ಇಲ್ಲ. ಅಡ್ಜೆಕ್ಟಿವ್ ಮನೆಯ ಹಿಂದಿನ ಶೆಡ್ಡಿನಲ್ಲಿ ಬಾಡಿಗೆಗಿವೆ. ಎಲ್ಲರೂ ಹೀಗೇ ಮಾಡಿದರು ಅಂತಲ್ಲ. 1762ರಲ್ಲಿ ರಾಬರ್ಟ್ ಲೌತ್ ಆರ್ಟಿಕಲ್ ಸೇರಿಸಿ ಒಂಬತ್ತು ಅಂತ ಎಣಿಸಿದ. ಇತ್ತೀಚಿನ ವ್ಯಾಕರಣಗಳು ‘ಎ’, ‘ದ’, ‘ದಿಸ್’, ‘ಮೈ’, ‘ಎವ್ರಿ’ ಎಲ್ಲವನ್ನೂ ಸೇರಿಸಿ ಡಿಟರ್ಮಿನರ್ ಅನ್ನುತ್ತವೆ. 1952ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೀಸ್ ಸುಮಾರು 50 ಗಂಟೆಗಳ ಟೆಲಿಫೋನ್ ಮಾತುಕತೆ ಇಟ್ಟುಕೊಂಡು, ಹಳೆಯ ಹೆಸರುಗಳನ್ನೇ ಬಿಟ್ಟು, ನಾಲ್ಕು ದೊಡ್ಡ ವರ್ಗ ಮತ್ತು 15 ಸಣ್ಣ ಗುಂಪು ಮಾಡಿದ. ನಮ್ಮ ಕಡೆ ಸಂಸ್ಕೃತ ಪಂಡಿತ ಯಾಸ್ಕ ಬಹಳ ಹಿಂದೆಯೇ ನಾಮ, ಆಖ್ಯಾತ, ಉಪಸರ್ಗ, ನಿಪಾತ ಅಂತ ನಾಲ್ಕಕ್ಕೇ ಮುಗಿಸಿದ್ದ. 13ನೆಯ ಶತಮಾನದ ನಮ್ಮ ಕನ್ನಡ ವ್ಯಾಕರಣಕಾರ ಕೇಶಿರಾಜನ ಪುಸ್ತಕದ ಎಂಟು ಪ್ರಕರಣಗಳಲ್ಲಿ ಸಂಧಿಯೂ ಸಮಾಸವೂ ಇವೆ, ಅವನ ಎಂಟೇ ಬೇರೆ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಭಯ ಬಿಡಿಸೋಕೆ. ಎಂಟು ಅನ್ನೋದು ಸೂರ್ಯ ಪೂರ್ವಕ್ಕೆ ಹುಟ್ಟೋ ಥರದ ಸತ್ಯ ಅಲ್ಲ, ಅಂಗಡಿಯವರು ಸಾಮಾನು ಜೋಡಿಸಿಕೊಂಡ ರೀತಿ. ಅದರಲ್ಲೂ ಅಡ್ವರ್ಬ್ ಅನ್ನೋದು ಅಂಗಡಿಯ ಹಿಂದಿನ ಗೋಣಿಚೀಲ. ‘ವೆರಿ’, ‘ನಾಟ್’, ‘ಯೆಸ್ಟರ್‌ಡೇ’, ‘ಸ್ಲೋಲಿ’ ಎಲ್ಲವೂ ಅಲ್ಲಿವೆ. ಎಲ್ಲಿಗೂ ಸೇರದ್ದನ್ನ ಅದರೊಳಕ್ಕೆ ಹಾಕಿದ್ದಾರೆ ಅಂತ ನನಗೆ ಮೊದಲಿಂದಲೂ ಅನುಮಾನ.

ಇನ್ನು ಕುರ್ಚಿಗೆ ಬರೋಣ. ಬೆಂಗಳೂರಿನವರ ಬಾಯಲ್ಲಿ ಸದಾ ಇರುವ ಒಂದು ಪದ ತಗೊಳ್ಳಿ: ರೌಂಡ್. ‘ಎ ರೌಂಡ್ ಟೇಬಲ್’ ಅಂದರೆ ಅದು ಅಡ್ಜೆಕ್ಟಿವ್. ‘ದ ಫಸ್ಟ್ ರೌಂಡ್’ ಅಂದರೆ ನೌನ್. ‘ದ ಶಾಪ್ ಈಸ್ ರೌಂಡ್ ದ ಕಾರ್ನರ್’ ಅಂದರೆ ಪ್ರೆಪೊಸಿಷನ್. ‘ಶಿ ಟರ್ನ್ಡ್ ರೌಂಡ್’ ಅಂದರೆ ಅಡ್ವರ್ಬ್. ‘ದ ಬಸ್ ರೌಂಡೆಡ್ ದ ಕಾರ್ನರ್’ ಅಂದರೆ ವರ್ಬ್. ಪದ ಒಂದೇ, ಕೆಲಸ ಐದು. ‘ರೌಂಡ್ ಯಾವ ಪಾರ್ಟ್ ಆಫ್ ಸ್ಪೀಚ್’ ಅಂತ ಯಾರಾದರೂ ಕೇಳಿದರೆ ಸರಿಯಾದ ಉತ್ತರ ಒಂದೇ: ಎಲ್ಲಿ ಕೂತಿದೆ ತೋರಿಸಿ, ಆಮೇಲೆ ಹೇಳ್ತೀನಿ.

ಅದೇ ‘ರೌಂಡ್’ ನಮ್ಮ ಬಾಯಿಗೆ ಬಂದಾಗ ಏನಾಗುತ್ತೆ ನೋಡಿ. ‘ಲಾಲ್‌ಬಾಗಲ್ಲಿ ಒಂದು ರೌಂಡ್ ಹಾಕ್ಕೊಂಡು ಬಂದೆ.’ ‘ಎಲ್ಲರೂ ರೌಂಡಾಗಿ ಕೂತ್ಕೊಳ್ಳಿ.’ ‘ಎರಡನೇ ರೌಂಡಿಗೆ ಸೆಲೆಕ್ಟ್ ಆದ.’ ಕ್ರಿಯಾವಿಶೇಷಣ ಆಗಬೇಕಾದರೆ ‘ಆಗಿ’ ಬೇಕು. ಚತುರ್ಥಿಗೆ ಹೋಗಬೇಕಾದರೆ ‘ಗೆ’ ಬೇಕು. ಕ್ರಿಯಾಪದ ಆಗಬೇಕಾದರೆ ‘ಹಾಕು’, ‘ಮಾಡು’, ‘ಆಗು’ ಇವುಗಳಲ್ಲಿ ಒಂದು ಕೈಹಿಡಿಯಬೇಕು. ಇಂಗ್ಲಿಷಿನ ವರ್ಬ್ ಎಷ್ಟೇ ಶೂರನಾದರೂ ಕನ್ನಡದ ಗಡಿಯಲ್ಲಿ ಆಯುಧ ಕೆಳಗಿಟ್ಟು ನಾಮಪದದ ಹಾಗೆ ತಲೆಬಗ್ಗಿಸಿ ಒಳಗೆ ಬರಬೇಕು. ಅಡ್ಜಸ್ಟ್ ಮಾಡಿ, ಬುಕ್ ಮಾಡಿದೆ, ಶಿಫ್ಟ್ ಆದ್ವಿ. ‘ಅಡ್ಜಸ್ಟಿದೆ’ ಅಂತ ಯಾರೂ ಅನ್ನಲ್ಲ. ಬೆಂಗಳೂರಿನ ‘ಸ್ವಲ್ಪ ಅಡ್ಜಸ್ಟ್ ಮಾಡಿ’ಯಲ್ಲಿ ಅಡ್ಜಸ್ಟ್ ಕೆಲಸ ಮಾಡುತ್ತಿಲ್ಲ, ‘ಮಾಡಿ’ ಮಾಡುತ್ತಿದೆ.

ನಮ್ಮ ಊರಿನ ಟೆಕ್ ಪಾರ್ಕುಗಳಲ್ಲಿ ಎಲ್ಲರೂ ಕೊರಳಿಗೆ ಗುರುತಿನ ಚೀಟಿ ತಗಲಿಸಿಕೊಂಡು ಓಡಾಡುತ್ತಾರಲ್ಲ, ಕನ್ನಡದ ಪದಗಳು ಹಾಗೆ. ಎಲ್ಲಿ ನಿಂತರೂ ಚೀಟಿ ನೋಡಿ ಯಾರು ಅಂತ ಹೇಳಬಹುದು. ‘ನಾಯಿ ಅಂಚೆಯವನನ್ನು ಕಚ್ಚಿತು.’ ಇದನ್ನ ಹೇಗೆ ಬೇಕಾದರೂ ಹಿಂದುಮುಂದು ಮಾಡಿ. ಅಂಚೆಯವನನ್ನು ನಾಯಿ ಕಚ್ಚಿತು. ಕಚ್ಚಿತು ನಾಯಿ ಅಂಚೆಯವನನ್ನು. ಒತ್ತು ಬದಲಾಗುತ್ತೆ, ಕಚ್ಚಿದವರು ಬದಲಾಗಲ್ಲ. ‘ಅನ್ನು’ ಕೊರಳಲ್ಲಿರೋವರೆಗೂ ಅಂಚೆಯವನು ಕಚ್ಚಿಸಿಕೊಂಡವನೇ. ಸಾಲದ್ದಕ್ಕೆ ‘ಕಚ್ಚಿತು’ ಅನ್ನೋ ಕ್ರಿಯಾಪದವೇ ಬೆರಳು ಮಾಡಿ ನಾಯಿಯನ್ನ ತೋರಿಸುತ್ತೆ. ಅಂಚೆಯವನು ಕಚ್ಚಿದ್ದರೆ ‘ಕಚ್ಚಿದ’ ಆಗುತ್ತಿತ್ತು. ಎರಡೆರಡು ಸಾಕ್ಷಿ!

ಇಂಗ್ಲಿಷಿನಲ್ಲಿ ‘ದ ಡಾಗ್ ಬಿಟ್ ದ ಪೋಸ್ಟ್‌ಮ್ಯಾನ್’ ಅನ್ನೋದನ್ನ ತಿರುಗಿಸಿ ನೋಡಿ. ‘ದ ಪೋಸ್ಟ್‌ಮ್ಯಾನ್ ಬಿಟ್ ದ ಡಾಗ್.’ ಪದಗಳು ಅವೇ, ಒಂದಕ್ಷರ ಬದಲಾಗಿಲ್ಲ, ಆಸ್ಪತ್ರೆಗೆ ಹೋಗಬೇಕಾದವರು ಬದಲಾದರು. ವರ್ಬಿನ ಎಡಗಡೆ ಕೂತವರು ಮಾಡಿದವರು, ಬಲಗಡೆ ಕೂತವರು ಅನುಭವಿಸಿದವರು. ಇಂಗ್ಲಿಷಿನ ವಾಕ್ಯ ರಚನೆ ಅಂದರೆ ಮೂಲದಲ್ಲಿ ಇಷ್ಟೇ: ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್. ನಮ್ಮದು ಕರ್ತೃ, ಕರ್ಮ, ಕ್ರಿಯೆ.

ಇಂಗ್ಲಿಷೂ ಮೊದಲಿಂದ ಹೀಗಿರಲಿಲ್ಲ. ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ವಿಭಕ್ತಿಗಳಿದ್ದವು, ಪದದ ಕೊನೆ ನೋಡಿ ಯಾರು ಯಾರನ್ನ ಹೊಡೆದರು ಅಂತ ಹೇಳಬಹುದಿತ್ತು. ಆ ಭಾಷೆಯಲ್ಲಿ ಒತ್ತು ಬೀಳುತ್ತಿದ್ದದ್ದು ಪದದ ಮೊದಲ ಭಾಗದ ಮೇಲೆ. ಕೊನೆಯ ಸ್ವರಗಳು ಬಾಯಲ್ಲಿ ಸವೆಯುತ್ತಾ ಹೋದವು. ಸಮುದ್ರದಾಚೆಯಿಂದ ವೈಕಿಂಗರು ಬಂದು ನೆಲೆಸಿದ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಈ ಸವೆತ ಮೊದಲು ಶುರುವಾಯಿತು. ಕೊರಳ ಚೀಟಿ ಹರಿದುಹೋದ ಮೇಲೆ ಜನರನ್ನ ಗುರುತಿಸೋದು ಹೇಗೆ? ಎಲ್ಲರಿಗೂ ಜಾಗ ಗೊತ್ತುಮಾಡಿ ಕೂರಿಸಿದರು. ಹಳೆಯ ಚೀಟಿಯ ಚೂರು ಪ್ರೋನೌನುಗಳಲ್ಲಿ ಇನ್ನೂ ಉಳಿದಿದೆ. ‘ಹಿ’ ಮತ್ತು ‘ಹಿಮ್’, ‘ಶಿ’ ಮತ್ತು ‘ಹರ್’, ‘ಐ’ ಮತ್ತು ‘ಮಿ’. ಆ ‘ಹಿಮ್’ ಅನ್ನೋದು ನಮ್ಮ ‘ಅವನನ್ನು’, ಕೆಲವು ಸಲ ‘ಅವನಿಗೆ’.

ಪ್ರೋನೌನ್ ಅಂದಾಗ ನೆನಪಾಯಿತು. ಒಬ್ಬರೇ ಇದ್ದರೂ ‘ಯು ಆರ್’ ಅಂತ ಬಹುವಚನ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ನಾವು ಹಿರಿಯರಿಗೆ ‘ನೀವು ಬಂದ್ರಾ’ ಅನ್ನಲ್ವಾ, ಹಾಗೆ. ಇಂಗ್ಲಿಷಿನಲ್ಲೂ ‘ದೌ’ ಅಂತ ಒಂದು ‘ನೀನು’ ಇತ್ತು. ಮರ್ಯಾದೆ ಹೆಚ್ಚಾಗಿ ಹೆಚ್ಚಾಗಿ ಎಲ್ಲರನ್ನೂ ‘ನೀವು’ ಅಂತಲೇ ಕರೆದು ‘ನೀನು’ ಕಳೆದುಕೊಂಡರು. ಇಂಗ್ಲಿಷಿನವರು ಸಲುಗೆಯಿಂದ ಏಕವಚನದಲ್ಲಿ ಮಾತಾಡುತ್ತಾರೆ ಅಂತ ನಾವು ತಿಳಿದಿದ್ದೇವೆ. ಅವರು ಮನೆಯ ನಾಯಿಗೂ ಬಹುವಚನ ಹಚ್ಚುತ್ತಾರೆ.

ಜಾಗಕ್ಕೆ ಇಷ್ಟು ಬೆಲೆ ಬಂದ ಮೇಲೆ ಖಾಲಿ ಬಿಡೋ ಹಾಗಿಲ್ಲ. ಇಲ್ಲೇ ಕನ್ನಡದವರು ಮೊದಲು ಎಡವೋದು. ಕನ್ನಡದಲ್ಲಿ ‘ಬಂದೆ’ ಅಂದರೆ ಪೂರ್ತಿ ವಾಕ್ಯ, ‘ನಾನು’ ಅದರ ಹೊಟ್ಟೆಯೊಳಗೇ ಇದೆ. ‘ಕೇಮ್’ ಅಂದರೆ ಯಾರು ಅಂತ ದೇವರಿಗೇ ಗೊತ್ತು. ನಾನಾದರೂ ಕೇಮ್, ಅವಳಾದರೂ ಕೇಮ್, ಊರೆಲ್ಲ ಬಂದರೂ ಕೇಮ್. ಅದಕ್ಕೇ ಸಬ್ಜೆಕ್ಟಿನ ಕುರ್ಚಿಯಲ್ಲಿ ಯಾರಾದರೂ ಇರಲೇಬೇಕು. ಯಾರೂ ಇಲ್ಲದಿದ್ದರೆ? ಮಳೆ ಬರುವಾಗ ‘ಇಟ್ ಈಸ್ ರೈನಿಂಗ್’ ಅಂತಾರಲ್ಲ, ಆ ‘ಇಟ್’ ಯಾವುದು? ಆಕಾಶವಲ್ಲ, ಮೋಡವಲ್ಲ. ಬಸ್ಸಿನಲ್ಲಿ ಸೀಟು ಹಿಡಿಯೋಕೆ ಕಿಟಕಿಯಿಂದ ಕರ್ಚೀಫು ಹಾಕ್ತೀವಲ್ಲ, ಅದು ಆ ಕರ್ಚೀಫು. ‘ಇಟ್ ಈಸ್ ಲೇಟ್’, ‘ಇಟ್ ಈಸ್ ಸಂಡೇ’ ಎಲ್ಲ ಕರ್ಚೀಫುಗಳೇ.

ವರ್ಬಿನ ಕುರ್ಚಿಯೂ ಅಷ್ಟೇ. ‘ಇವನು ನನ್ನ ತಮ್ಮ’ ಅಂದರೆ ಕನ್ನಡದಲ್ಲಿ ಕ್ರಿಯಾಪದದ ಹಂಗೇ ಇಲ್ಲ. ಇಂಗ್ಲಿಷಿನಲ್ಲಿ ‘ಈಸ್’ ಬಂದು ಕೂರದಿದ್ದರೆ ವಾಕ್ಯವೇ ಆಗಲ್ಲ. ನನ್ನ ತರಗತಿಗೆ ಬರೋವರು ‘ಹಿ ಮೈ ಬ್ರದರ್’ ಅಂದಾಗ ನಾನು ಬೈಯಲ್ಲ. ಅವರು ಕನ್ನಡದ ನಿಯಮವನ್ನ ಸರಿಯಾಗಿಯೇ ಪಾಲಿಸಿದ್ದಾರೆ. ಒಂದು ಕುರ್ಚಿ ಖಾಲಿ ಇದೆ ನೋಡಿ ಅಂತ ತೋರಿಸ್ತೀನಿ.

ಎಲ್ಲಕ್ಕಿಂತ ನನಗೆ ಇಷ್ಟವಾದ ಜಾಗ ಮುಂದಿದೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ತರಗತಿಗೆ ಒಬ್ಬರು ಆಟೊ ಡ್ರೈವರು ಬರುತ್ತಿದ್ದರು. ಒಂದು ದಿನ ಪ್ರಯಾಣಿಕರ ಜೊತೆ ಜಗಳ ಆಗಿ ಬಂದಿದ್ದರು. ‘ಸಾರ್, ಟು ಮಿ ಆಂಗ್ರಿ ಕೇಮ್’ ಅಂದರು. ನಕ್ಕುಬಿಟ್ಟೆ, ಆಮೇಲೆ ನಾಚಿಕೆಯಾಯಿತು. ‘ನನಗೆ ಕೋಪ ಬಂತು’ ಅನ್ನೋದನ್ನ ಅವರು ಪದಕ್ಕೆ ಪದ ಇಟ್ಟಿದ್ದರು. ಕನ್ನಡದಲ್ಲಿ ಕೋಪ ಎಲ್ಲಿಂದಲೋ ಬರುತ್ತೆ, ನಮ್ಮ ಮೇಲೆ ಬೀಳುತ್ತೆ. ಹಸಿವು ನಮಗೆ ಆಗುತ್ತೆ. ಜ್ವರ ನಮಗೆ ಬರುತ್ತೆ. ನೆನಪು ಬರುತ್ತೆ, ನಿದ್ದೆ ಬರುತ್ತೆ. ಇಂಗ್ಲಿಷ್ ಕೂಡ ಬರುತ್ತೆ ಇಲ್ಲವೇ ಬರಲ್ಲ. ಮೈಸೂರು ಪಾಕು ನಮಗೆ ಇಷ್ಟ ಆಗುತ್ತೆ. ಇವುಗಳಲ್ಲಿ ಒಂದನ್ನೂ ನಾವು ‘ಮಾಡುತ್ತಿಲ್ಲ’. ನಾವು ‘ಗೆ’ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿರ್ತೀವಿ, ಬರೋವು ಬರುತ್ತವೆ.

ಇಂಗ್ಲಿಷ್ ಇದನ್ನೆಲ್ಲ ತೆಗೆದು ‘ಐ’ ಅನ್ನುವವನನ್ನ ಯಜಮಾನನ ಕುರ್ಚಿಯಲ್ಲಿ ಕೂರಿಸುತ್ತೆ. ಐ ಆಮ್ ಹಂಗ್ರಿ. ಐ ಹ್ಯಾವ್ ಎ ಫೀವರ್. ಐ ರಿಮೆಂಬರ್. ಐ ನೋ ಇಂಗ್ಲಿಷ್. ಐ ಲೈಕ್ ಮೈಸೂರ್ ಪಾಕ್. ಆಟೊದವರಿಗೆ ನಾನು ಹೇಳಿದ್ದು ಇಷ್ಟು: ಕನ್ನಡದಲ್ಲಿ ‘ನನಗೆ’ ಅಂತ ಶುರುವಾದಾಗ ಇಂಗ್ಲಿಷಿನಲ್ಲಿ ‘ಟು ಮಿ’ ಹುಡುಕಬೇಡಿ, ‘ಐ’ ಇಂದ ಶುರು ಮಾಡಿ, ಆಮೇಲೆ ಅದಕ್ಕೆ ಹೊಂದುವ ವರ್ಬ್ ಹುಡುಕಿ. ಹತ್ತರಲ್ಲಿ ಎಂಟು ಸಲ ಸರಿಹೋಗುತ್ತೆ. ಅವರು ಮಾರನೆಯ ವಾರ ಬಂದು ‘ಐ ಗಾಟ್ ಆಂಗ್ರಿ, ಬಟ್ ಐ ಕಂಟ್ರೋಲ್ಡ್’ ಅಂದರು. ‘ಕಂಟ್ರೋಲ್ಡ್’ ಆದಮೇಲೆ ಆಬ್ಜೆಕ್ಟಿನ ಕುರ್ಚಿ ಖಾಲಿ ಇತ್ತು. ನಾನು ಸುಮ್ಮನಿದ್ದೆ.

ಈ ‘ಹ್ಯಾವ್’ ಬಗ್ಗೆ ಇನ್ನೊಂದು ಮಾತು. ಕನ್ನಡದಲ್ಲಿ ಅದಕ್ಕೆ ಸರಿಯಾದ ಒಂದೇ ಪದ ಇಲ್ಲ. ಮಕ್ಕಳಾದರೆ ‘ನನಗೆ ಇಬ್ಬರು ಮಕ್ಕಳಿದ್ದಾರೆ’. ದುಡ್ಡಾದರೆ ‘ನನ್ನ ಹತ್ತಿರ ದುಡ್ಡಿದೆ’. ಧೈರ್ಯವಾದರೆ ‘ನನ್ನಲ್ಲಿ ಧೈರ್ಯ ಇದೆ’. ಮಕ್ಕಳನ್ನ ‘ನನ್ನ ಹತ್ತಿರ ಇದ್ದಾರೆ’ ಅಂದರೆ ಅವರು ಯಾರ ಮಕ್ಕಳೋ, ಸದ್ಯಕ್ಕೆ ನಮ್ಮ ಮನೆಯಲ್ಲಿದ್ದಾರೆ ಅಂತ ಅರ್ಥ. ಎಷ್ಟು ಸೂಕ್ಷ್ಮವಾಗಿ ಬೇರೆ ಮಾಡಿದ್ದೇವೆ! ಇಂಗ್ಲಿಷಿಗೆ ಮಕ್ಕಳೂ ಒಂದೇ, ಮಾರುತಿ ಕಾರೂ ಒಂದೇ: ಐ ಹ್ಯಾವ್. ನಮ್ಮ ಮಾತಿನಲ್ಲಿರೋ ‘ಇದ್ದಾರೆ’ಯ ‘ಇರು’ ಕಾಡುತ್ತಲೇ ಇರೋದರಿಂದ ನಾವು ‘ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್’ ಅಂತೀವಿ ಅನ್ನೋದು ನನ್ನ ಊಹೆ. ‘ಹ್ಯಾವಿಂಗ್’ ಅಂದಾಗ ಇಂಗ್ಲಿಷಿನವರ ಕಿವಿಗೆ ಊಟ ಮಾಡುತ್ತಿರುವ ಹಾಗೆ ಕೇಳುತ್ತೆ. ‘ಐ ಆಮ್ ಹ್ಯಾವಿಂಗ್ ಟು ಇಡ್ಲೀಸ್’ ಸರಿ. ಮಕ್ಕಳ ವಿಷಯದಲ್ಲಿ ಬೇಡ.

ಪ್ರೆಪೊಸಿಷನ್‌ಗೆ ಬರ್ತೀನಿ. ಹೆಸರೇ ಹೇಳುತ್ತೆ, ಮುಂದೆ ನಿಲ್ಲುವಂಥದ್ದು. ನಮ್ಮದು ಹಿಂದೆ ನಿಲ್ಲುತ್ತೆ. ಮೇಜಿನ ಮೇಲೆ, ಆನ್ ದ ಟೇಬಲ್. ಮನೆಯಿಂದ, ಫ್ರಮ್ ದ ಹೌಸ್. ಅದು ದೊಡ್ಡ ಕಷ್ಟವಲ್ಲ. ಕಷ್ಟ ಇರೋದು ನಮ್ಮ ಒಂದು ‘ಅಲ್ಲಿ’ಗೆ ಅವರದ್ದು ಮೂರು ಇರೋದರಲ್ಲಿ. ‘ಬೆಂಗಳೂರಲ್ಲಿ’ ಇನ್. ‘ಎಂ.ಜಿ. ರೋಡಲ್ಲಿ’ ಆನ್. ‘ಬಸ್ ಸ್ಟಾಪಲ್ಲಿ’ ಅಟ್. ಸುತ್ತಲೂ ಗಡಿ ಇರುವ ಜಾಗ ಅಂತ ಮನಸ್ಸಿಗೆ ಬಂದರೆ ಇನ್. ಗೆರೆ ಅಥವಾ ಹರವಾದ ಮೇಲ್ಮೈ ಅಂದರೆ ಆನ್. ನಕ್ಷೆಯ ಮೇಲೆ ಪಿನ್ ಚುಚ್ಚೋ ಹಾಗಿದ್ದರೆ ಅಟ್. ಒಂದೇ ಜಾಗವನ್ನೂ ಮೂರು ಥರ ನೋಡಬಹುದು. ಹಾಗಾದರೆ ಕಾರಿಗೆ ‘ಇನ್ ದ ಕಾರ್’, ಬಸ್ಸಿಗೆ ಮಾತ್ರ ‘ಆನ್ ದ ಬಸ್’ ಯಾಕೆ? ಎದ್ದು ನಿಂತು ಓಡಾಡಬಹುದಾದ ವಾಹನಕ್ಕೆ ಸಾಮಾನ್ಯವಾಗಿ ಆನ್, ಮುದುರಿ ಕೂರಬೇಕಾದದ್ದಕ್ಕೆ ಇನ್. ಸಂಜೆ ಆರೂವರೆಗೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದವರು ಈ ನಿಯಮವನ್ನ ಒಪ್ಪೋದು ಅನುಮಾನ.

ಆರ್ಟಿಕಲ್ ಕನ್ನಡದಲ್ಲಿ ಇಲ್ಲವೇ ಇಲ್ಲ ಅಂತಾರೆ. ಪದವಾಗಿ ಇಲ್ಲ, ಭಾವವಾಗಿ ಇದೆ. ‘ಪುಸ್ತಕ ತಂದೆ’ ಅಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದೆ’ ಅಂದರೆ ನೀವು ಹೇಳಿದ್ದಿರಲ್ಲ, ಆ ಪುಸ್ತಕ. ನಿಮಗೂ ನನಗೂ ಗೊತ್ತಿರೋದು. ನಿರ್ಜೀವ ವಸ್ತುಗಳ ವಿಷಯದಲ್ಲಿ ನಮ್ಮ ದ್ವಿತೀಯಾ ವಿಭಕ್ತಿ ಸದ್ದಿಲ್ಲದೆ ‘ದ’ ಮಾಡುವ ಕೆಲಸವನ್ನೂ ಮಾಡುತ್ತೆ. ‘ಎ’ ಹಾಕಬೇಕೋ ‘ದ’ ಹಾಕಬೇಕೋ ಅನುಮಾನ ಬಂದಾಗ ಕೇಳಿಕೊಳ್ಳಿ: ಕನ್ನಡದಲ್ಲಾದರೆ ಇಲ್ಲಿ ‘ಅನ್ನು’ ಹಚ್ಚುತ್ತಿದ್ದೆನಾ, ‘ಆ’ ಅಂತ ಬೆರಳು ಮಾಡುತ್ತಿದ್ದೆನಾ? ಎಲ್ಲ ಸಲವೂ ಕೆಲಸ ಮಾಡಲ್ಲ, ಬಹಳ ಸಲ ಮಾಡುತ್ತೆ.

ಇನ್ನೊಂದು ಕಡೆ ಕನ್ನಡ ನಮಗೆ ಆಗಲೇ ಪಾಠ ಹೇಳಿಕೊಟ್ಟಿದೆ, ನಾವು ಗಮನಿಸಿಲ್ಲ. ‘ಡಿಡ್ ನಾಟ್ ಕೇಮ್’ ಅನ್ನೋ ತಪ್ಪು. ‘ಡಿಡ್’ ಬಂದ ಮೇಲೆ ‘ಕೇಮ್’ ಯಾಕೆ ‘ಕಮ್’ ಆಗಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು ಹೇಳೋದು: ನೀವು ‘ಬಂದೆಲಿಲ್ಲ’ ಅಂತೀರಾ? ಬಂದೆ, ಬಂದ, ಬಂದರು ಅಂತ ಅಷ್ಟೆಲ್ಲ ರೂಪ ಇರೋ ಕ್ರಿಯಾಪದ ‘ಇಲ್ಲ’ ಬಂದ ತಕ್ಷಣ ಎಲ್ಲ ಒಡವೆ ಕಳಚಿಟ್ಟು ‘ಬರಲಿಲ್ಲ’ ಆಗುತ್ತೆ. ನಾನೂ ಬರಲಿಲ್ಲ, ಅವನೂ ಬರಲಿಲ್ಲ, ಅವರೂ ಬರಲಿಲ್ಲ. ಅಲ್ಲಿ ನಿಮಗೆ ತೊಡಕೇ ಆಗಲ್ಲ. ‘ಡಿಡ್ ನಾಟ್ ಕಮ್’ ಅದೇ ಲೆಕ್ಕ. ಕಾಲವನ್ನ ‘ಡಿಡ್’ ಹೊತ್ತುಕೊಂಡ ಮೇಲೆ ‘ಕಮ್’ ಬರಿಗೈಯಲ್ಲಿ ನಡೆಯುತ್ತೆ. ಒಂದು ಮೂಟೆಗೆ ಇಬ್ಬರು ಕೂಲಿ ಬೇಡ.

ವಾಕ್ಯ ಉದ್ದ ಆದಾಗ ಏನಾಗುತ್ತೆ? ‘ನಿನ್ನೆ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮಳೆಗೆ ನೆನೆಯುತ್ತಾ ಹೂ ಮಾರುತ್ತಿದ್ದ ಅಜ್ಜಿ’. ಇಷ್ಟು ಹೊತ್ತು ಕಾದ ಮೇಲೆ ಅಜ್ಜಿ ಬಂದರು. ಅಜ್ಜಿ ಏನು ಮಾಡಿದರು ಅನ್ನೋಕೆ ಇನ್ನೂ ಕಾಯಬೇಕು. ಕನ್ನಡ ವಿವರವನ್ನೆಲ್ಲ ಎಡಗಡೆ ಪೇರಿಸಿಕೊಂಡು ಬರುತ್ತೆ, ಮುಖ್ಯವಾದವರು ಕೊನೆಗೆ, ಮದುವೆ ಮನೆಗೆ ಬರುವ ಗಣ್ಯರ ಹಾಗೆ. ಇಂಗ್ಲಿಷಿನಲ್ಲಿ ಅಜ್ಜಿಯೇ ಮೊದಲು, ‘ದ ಓಲ್ಡ್ ವುಮನ್’, ಆಮೇಲೆ ‘ಹೂ ವಾಸ್ ಸೆಲ್ಲಿಂಗ್ ಫ್ಲವರ್ಸ್’, ಆಮೇಲೆ ಮಳೆ, ಎಂಟನೇ ಕ್ರಾಸು, ನಿನ್ನೆ. ಕನ್ನಡಿ ಹಿಡಿದ ಹಾಗೆ ತಿರುಗುಮುರುಗು. ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಸೆಂಟೆನ್ಸು ಅಂತ ಪರೀಕ್ಷೆಗೆ ಓದಿದ್ದೀರಿ, ಅದರ ವ್ಯಾಖ್ಯೆ ಮತ್ತೆ ಹೇಳಲ್ಲ. ಭಾಷಾಂತರ ಮಾಡುವಾಗ ಕನ್ನಡ ವಾಕ್ಯವನ್ನ ಕೊನೆಯಿಂದ ಓದಿಕೊಂಡು ಬನ್ನಿ ಅಂತ ಮಾತ್ರ ಹೇಳ್ತೀನಿ.

‘ಎದ್ದು ಮುಖ ತೊಳೆದು ಕಾಫಿ ಕುಡಿದು ಬಸ್ ಹಿಡಿದು ಆಫೀಸಿಗೆ ಬಂದೆ.’ ನಾಲ್ಕು ಅಸಮಾಪಕ ಕ್ರಿಯೆ, ಕೊನೆಗೊಂದು ಸಮಾಪಕ. ಕಾಲವನ್ನೂ ಕರ್ತೃವನ್ನೂ ಕೊನೆಯ ‘ಬಂದೆ’ ಒಂದೇ ಹೇಳುತ್ತೆ, ಉಳಿದವು ಕೊಂಡಿ ಹಾಕಿಕೊಂಡ ರೈಲು ಡಬ್ಬಿಗಳು, ಇಂಜಿನ್ನು ಹಿಂದೆ. ಇಂಗ್ಲಿಷಿನಲ್ಲಿ ಇದನ್ನ ಹೇಳೋಕೆ ‘ಅಂಡ್’ ಬೇಕು, ಪ್ರತಿ ವರ್ಬಿಗೂ ಕಾಲ ಹಚ್ಚಬೇಕು. ನಾವು ಹಾಗೆ ಮಾಡೋದಕ್ಕೆ ಹೋಗಿಯೇ ಬೆಂಗಳೂರಿನ ಚೆಂದದ ಒಂದು ಇಂಗ್ಲಿಷ್ ವಾಕ್ಯ ಹುಟ್ಟಿದ್ದು: ‘ಐ ವಿಲ್ ಗೋ ಅಂಡ್ ಕಮ್.’ ‘ಹೋಗಿ ಬರ್ತೀನಿ’ ಅಂತ. ‘ಹೋಗ್ತೀನಿ’ ಅಂತ ಬರಿದೇ ಹೇಳೋದು ನಮ್ಮಲ್ಲಿ ಅಪಶಕುನ, ಇಂಗ್ಲಿಷಿನಲ್ಲಾದರೂ ಯಾಕೆ ಬಿಡಬೇಕು? ಹಾಗೇ ‘ಐ ಆಮ್ ಹಿಯರ್ ಓನ್ಲಿ’. ನಗುವವರು ನಗಲಿ. ‘ಇಲ್ಲೇ ಇದ್ದೀನಿ’ಯಲ್ಲಿರುವ ಆ ‘ಏ’ ಇಂಗ್ಲಿಷಿನಲ್ಲಿ ಎಲ್ಲಿ ಕೂರಬೇಕು ಅಂತ ಹುಡುಕಿ ಹುಡುಕಿ ನಮ್ಮವರು ಅದಕ್ಕೆ ‘ಓನ್ಲಿ’ ಅಂತ ಜಾಗ ಮಾಡಿಕೊಟ್ಟರು. ‘ಹಾಟ್ ಹಾಟ್ ಕಾಫಿ’ಯೂ ಅಷ್ಟೇ, ಬಿಸಿ ಬಿಸಿ ಕಾಫಿ. ಸಂದರ್ಶನಕ್ಕೆ ಹೋದಾಗ ಇವನ್ನ ಬಿಡಿ. ಮನೆಯಲ್ಲಿ, ಗೆಳೆಯರ ಹತ್ತಿರ ಆಡಿ. ಯಾವ ಅಂಗಿ ಎಲ್ಲಿಗೆ ಅಂತ ಗೊತ್ತಿದ್ದರೆ ಸಾಕು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು. ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ: “ಸರ್, ನಮ್ಮ ಏರಿಯಾದಲ್ಲಿ ಎಲ್ಲ ಗೇಟಿನ ಮೇಲೂ ‘ಟು-ಲೆಟ್’ ಅಂತ ಇರುತ್ತಲ್ಲ, ಅದು ಯಾವ ಪಾರ್ಟ್ ಆಫ್ ಸ್ಪೀಚು?”

ಹುಟ್ಟಿದಾಗ ಅದು ವರ್ಬು, ಬಾಡಿಗೆಗೆ ಕೊಡುವುದಕ್ಕೆ ಅಂತ ಅರ್ಥ. ‘ದಿಸ್ ಹೌಸ್ ಈಸ್’ ಅನ್ನೋದನ್ನ ನುಂಗಿ ಬಾಲ ಮಾತ್ರ ಬೋರ್ಡಿನಲ್ಲಿ ಉಳಿದಿದೆ. ನಮ್ಮ ಬಾಯಲ್ಲಿ ಅದು ಶುದ್ಧ ನಾಮಪದ. “ಆ ರಸ್ತೇಲಿ ಎರಡು ಟು-ಲೆಟ್ ಇದೆ, ಹೋಗಿ ನೋಡು” ಅಂತೀವಿ. ಎಲ್ಲಿ ಕೂತಿದೆ ನೋಡು ಅಂತ ನಾನು ಆಗಲೇ ಹೇಳಿದ್ದೆನಲ್ಲ ಅಂದೆ. “ಗೇಟ್ ಮೇಲೆ ಸರ್” ಅಂದ.

ಎರಡನೆಯದು ಹಿಂದಿನ ಸಾಲಿನಿಂದ, ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬರು. “ನಾನು ಬೋರ್ಡು ಬರೆಸಬೇಕು ಸಾರ್. ಪೇಂಟರು ‘ಲೇಡಿ ಟೈಲರ್’ ಅಂತಾನೆ, ನನ್ನ ಮಗಳು ‘ಲೇಡೀಸ್ ಟೈಲರ್’ ಅಂತಾಳೆ. ಯಾವುದು ಸರಿ?”

ಎರಡೂ ಸರಿ, ಅರ್ಥ ಬೇರೆ ಅಂದೆ. ಇಂಗ್ಲಿಷಿನಲ್ಲಿ ಒಂದು ನಾಮಪದದ ಮುಂದೆ ಇನ್ನೊಂದು ನಾಮಪದ ಬಂದು ಕೂತರೆ ಅದು ವಿಶೇಷಣದ ಕೆಲಸಕ್ಕೆ ಇಳಿಯುತ್ತೆ. ‘ಬೋಟ್ ಹೌಸ್’ ದೋಣಿ ಇಡುವ ಮ‌ನೆ, ‘ಹೌಸ್ ಬೋಟ್’ ಮನೆಯಂಥ ದೋಣಿ. ಹಿಂದೆ ಕೂತವರು ಯಜಮಾನರು, ಮುಂದೆ ಕೂತವರು ಅವರ ವಿವರ. ನಮ್ಮ ಮಳೆಗಾಲ, ಹೂತೋಟ ಎಲ್ಲ ಹೀಗೇ ಆದದ್ದು. ‘ಲೇಡಿ ಟೈಲರ್’ ಅಂದರೆ ಹೊಲಿಯುವವರು ಹೆಂಗಸು. ‘ಲೇಡೀಸ್ ಟೈಲರ್’ ಅಂದರೆ ಹೆಂಗಸರ ಬಟ್ಟೆ ಹೊಲಿಯುವವರು, ಅವರು ಗಂಡಸಾಗಿದ್ದರೂ ಆದೀತು.

“ನಾನು ಲೇಡಿ, ಹೊಲಿಯೋದೂ ಲೇಡೀಸಿಗೆ. ಎರಡೂ ಬರೆಸಿದರೆ ಪೇಂಟರು ಅಕ್ಷರಕ್ಕಿಷ್ಟು ಅಂತ ಕೇಳ್ತಾನೆ” ಅಂದರು. ಸ್ವಲ್ಪ ಯೋಚನೆ ಮಾಡಿ ಅವರೇ ಹೇಳಿದರು: “ಹೇಗೂ ಬೋರ್ಡಿನಲ್ಲಿ 60 ಪರ್ಸೆಂಟು ಕನ್ನಡ ಇರಬೇಕಲ್ಲ ಸಾರ್. ‘ಇಲ್ಲಿ ಮಹಿಳೆಯರ ಉಡುಪು ಹೊಲಿಯಲಾಗುತ್ತದೆ’ ಅಂತ ದೊಡ್ಡದಾಗಿ ಬರೆಸಿಬಿಡ್ತೀನಿ. ಯಾರು ಹೊಲಿಯೋದು ಅನ್ನೋ ಮಾತೇ ಬರಲ್ಲ.”

ಕರ್ತೃವಿನ ಕುರ್ಚಿಯನ್ನೇ ಎತ್ತಿ ಒಳಗಿಟ್ಟಿದ್ದರು. ಆ ಕೆಳಗೆ ಇಂಗ್ಲಿಷಿನಲ್ಲಿ ಏನು ಬರೆಸ್ತೀರಿ ಅಂತ ಕೇಳಿದೆ. “ಫೋನ್ ನಂಬರು” ಅಂದರು.